ಜಾಝ್ ಮೇಳದಲ್ಲಿ ಅಪ್ಪನ ಪೈಪು

ಆ ಬೇಸಿಗೆಯ ಹೊತ್ತಿಗೆ ನನ್ನ ಎಡಗೈ ಹೆಗಲಿಗಿಂತ ಮೇಲೆ ಏಳುವುದನ್ನು ನಿಲ್ಲಿಸಿತ್ತು. ತಲೆ ಬಾಚಿಕೊಳ್ಳುವುದು, ಮೇಲಿನ ಶೆಲ್ಫಿನಿಂದ ಸಾರಿನ ಪುಡಿ ಡಬ್ಬಿ ಇಳಿಸುವುದು, ಕಾರಿನ ಸೀಟ್ ಬೆಲ್ಟ್ ಎಳೆದುಕೊಳ್ಳುವುದು, ಎಲ್ಲವೂ ಬಲಗೈಯ ಪಾಲಿಗೆ ಬಂದಿತ್ತು. ಹೂಸ್ಟನ್ನಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಬೆಳಕು ಹರಿಯುವ ಮೊದಲೇ ಪೇರ್ಲ್ಯಾಂಡಿನ ಮನೆ ಬಿಟ್ಟು, ಟ್ರಾಫಿಕ್ಕಿನಲ್ಲಿ ತೆವಳಿ, ಇಡೀ ದಿನ ನಿಂತುಕೊಂಡೇ ಯಾರ್ಯಾರದೋ ರಕ್ತದ ಟ್ಯೂಬುಗಳನ್ನು ಮೆಷಿನ್ನಿಗೆ ಹಾಕಿ ತೆಗೆದು, ಸಂಜೆ ಮನೆಗೆ ಬಂದು ಸೋಫಾದಲ್ಲಿ ಒರಗಿದರೆ ಯಾವ ಮಗ್ಗುಲಿಗೂ ಸುಖವಿಲ್ಲ. ವಯಸ್ಸಾಯಿತು ಅನ್ನಲು ಇನ್ನೂ ಮನಸ್ಸಿಲ್ಲ, ಆದರೆ ಬೇರೆ ಕಾರಣವೂ ಹೊಳೆಯುತ್ತಿರಲಿಲ್ಲ.

ಶುಗರ್ ಲ್ಯಾಂಡಿನಲ್ಲಿ ಫಿಸಿಯೋಥೆರಪಿ ಮಾಡುವ ಗೆಳತಿಯೊಬ್ಬಳಿದ್ದಾಳೆ, ಹುಬ್ಬಳ್ಳಿಯವಳು. ಅವಳ ಬಳಿ ಹೋದೆ. ನನ್ನ ಕೈಯನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ನಾನು ಹಲ್ಲು ಕಚ್ಚಿದ್ದನ್ನು ನೋಡಿ ಕೈಬಿಟ್ಟಳು.

"ಫ್ರೋಜನ್ ಶೋಲ್ಡರ್ ಅದರಿ ಇದು. ನಮ್ಮ ವಯಸ್ಸಿನ ಹೆಂಗಸ್ರಿಗೆ ಬರೋದ ಇದು. ತಾನಾಗಿ ಬಿಡ್ತದ, ಆದ್ರ ವರ್ಷ ಹಿಡೀತದ ನೋಡ್ರಿ. ಭಾರ ಎತ್ತಬ್ಯಾಡ್ರಿ. ಆಮ್ಯಾಲ ನಿಮ್ಮ ಆ ಚೀಲ ಐತಲ್ಲ, ಅದನ್ನಂತೂ ಮುಟ್ಟಲೇಬ್ಯಾಡ್ರಿ."

ಚೀಲವೆಂದರೆ ನನ್ನ ಬ್ಯಾಗ್‌ಪೈಪ್. ಸ್ಕಾಟ್ಲೆಂಡಿನವರು ಊದುವ ಅದೇ ವಾದ್ಯ. ಟೆಕ್ಸಸ್ಸಿನಲ್ಲಿರುವ ಕನ್ನಡದ ಹೆಂಗಸಿನ ಕೈಗೆ ಅದು ಹೇಗೆ ಬಂತು ಎಂದು ಕೇಳದವರಿಲ್ಲ. ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೆ ಅದು ಬೇರೆ ಯಾರದೋ ಕಥೆಯಂತೆ ಆಗಿಬಿಟ್ಟಿದೆ.

ನಮ್ಮಪ್ಪ ಸೈನ್ಯದಲ್ಲಿ ಪೈಪ್ ಊದುತ್ತಿದ್ದವರು. ಬಂದೂಕು ಹಿಡಿದದ್ದಕ್ಕಿಂತ ಪೈಪ್ ಹಿಡಿದದ್ದೇ ಹೆಚ್ಚು. ಬ್ರಿಟಿಷರು ಬಿಟ್ಟುಹೋದ ವಾದ್ಯ, ಬಿಟ್ಟುಹೋದ ಮಟ್ಟುಗಳು. ಹಳಬರು ಹೊಸಬರಿಗೆ ಕಲಿಸುತ್ತ ಬಂದು ಅಪ್ಪನ ತನಕ ಮುಟ್ಟಿದ್ದವು. ಬೆಂಗಳೂರಿನ ಹಲಸೂರು ಕೆರೆಯ ಹತ್ತಿರ ನಮಗೆ ಕ್ವಾರ್ಟರ್ಸ್ ಇತ್ತು. ಅಣ್ಣನಿಗೆ ಕಲಿಸಬೇಕೆಂದು ಅಪ್ಪನ ಆಸೆ. ಅವನು ಕ್ರಿಕೆಟ್ ಬಿಟ್ಟು ಒಳಗೆ ಬರುತ್ತಿರಲಿಲ್ಲ. ಹಿತ್ತಲ ಬಾಗಿಲಲ್ಲಿ ಕೂತು ಅಪ್ಪ ಅಭ್ಯಾಸ ಮಾಡುವಾಗ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕೂರುತ್ತಿದ್ದವಳು ನಾನು. ಒಂದು ದಿನ ಅವರ ಕೊಳವೆ ತೆಗೆದುಕೊಂಡು ಅವರು ನುಡಿಸಿದ್ದನ್ನೇ ನುಡಿಸಿದೆ. ಅಪ್ಪ ನನ್ನ ಬೆರಳುಗಳನ್ನು ಒಂದೊಂದಾಗಿ ಸರಿಮಾಡಿದರು. ಅಮ್ಮ ಒಳಗಿನಿಂದ, "ಹೆಣ್ಮಗು ಕೆನ್ನೆ ಉಬ್ಬಿಸ್ಕೊಂಡು ಊದೋದು ಚೆನ್ನಾಗಿರುತ್ತಾ?" ಎಂದು ಕೂಗಿದರೆ, "ಊದೋದು ಬಾಯಲ್ಲಲ್ಲ ಕಣೆ, ತೋಳಲ್ಲಿ" ಎಂದರು.

ಅದು ನಿಜ. ಬಾಯಿಂದ ಚೀಲ ತುಂಬಿಸುವುದಷ್ಟೇ. ಸ್ವರ ಹುಟ್ಟುವುದು ಎಡತೋಳು ಆ ಚೀಲವನ್ನು ಒಂದೇ ಹದದಲ್ಲಿ ಒತ್ತುವುದರಿಂದ. ಹೆಗಲ ಮೇಲೆ ಚಾಚಿಕೊಂಡ ಮೂರು ಕೊಳವೆಗಳು ಒಂದೇ ಸ್ವರವನ್ನು ಹಿಡಿದು ಮೊರೆಯುತ್ತಿರುತ್ತವೆ, ನಮ್ಮ ತಂಬೂರಿಯ ಹಾಗೆ. ಮುಂದಿನ ಕೊಳವೆಯಲ್ಲಿ ಬೆರಳಾಡಿಸಿ ರಾಗ ನುಡಿಸಬೇಕು. ತೋಳು ಒಂದಿಷ್ಟು ಸಡಿಲವಾದರೂ ಎಲ್ಲವೂ ಒಟ್ಟಿಗೆ ಕೆಳಗಿಳಿಯುತ್ತದೆ.

ಮದುವೆಯಾಗಿ ಈ ದೇಶಕ್ಕೆ ಬರುವಾಗ ಅಪ್ಪ ಕೊಟ್ಟು ಕಳಿಸಿದ ಅವರ ಪೈಪು ಬಹಳ ವರ್ಷ ಬಟ್ಟೆಯ ಕ್ಲಾಸೆಟ್ಟಿನಲ್ಲಿ ಮಲಗಿತ್ತು. ಅಪ್ಪ ತೀರಿಕೊಂಡ ಮೇಲೆ ಒಮ್ಮೆ ಹೊರಗೆ ತೆಗೆದೆ. ನಮ್ಮವರು ಮೈಸೂರಿನವರು, ಶುಗರ್ ಲ್ಯಾಂಡಿನ ತೈಲ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾರೆ. ಒಳ್ಳೆಯವರು, ಆದರೆ ಆ ಸದ್ದು ಅವರಿಗೆ ಆಗದು. ಹಾಗಾಗಿ ನಮ್ಮ ಬಡಾವಣೆಯ ಹಿಂದೆ ಮಳೆನೀರು ನಿಲ್ಲಲೆಂದು ತೋಡಿದ ಕೆರೆಯ ದಂಡೆಗೆ ಹೋಗಿ ಊದುತ್ತಿದ್ದೆ. ಅಲ್ಲಿ ನಾಯಿ ತಿರುಗಿಸಲು ಬಂದ ಒಬ್ಬ ಸ್ಕಾಟಿಷ್ ಮುದುಕರು ನಿಂತು ಕೇಳಿದರು. ಹೂಸ್ಟನ್ನಿನಲ್ಲಿ ಪೈಪ್ ಬ್ಯಾಂಡ್ ನಡೆಸುವವರು. ಮೆರವಣಿಗೆಗೆ, ಫೈರ್‌ಮನ್‌ಗಳ ಅಂತ್ಯಕ್ರಿಯೆಗೆ ಊದುವ ತಂಡ. ನನ್ನನ್ನೂ ಸೇರಿಸಿಕೊಂಡರು. ನಾನು ನುಡಿಸುವ ಒಂದು ನಿಧಾನದ ಮಟ್ಟನ್ನು ಕೇಳಿ, ಅದು ಸಮುದ್ರದಲ್ಲಿ ಮುಳುಗಿದ ಮೀನುಗಾರರಿಗಾಗಿ ದ್ವೀಪದ ಜನ ಕಟ್ಟಿದ ಶೋಕಗೀತೆ ಎಂದರು. ಅಪ್ಪನಿಗೆ ಅದೇನೂ ಗೊತ್ತಿರಲಿಲ್ಲ. ಅವರು ಅದನ್ನು "ನಿಧಾನದ್ದು" ಎಂದಷ್ಟೇ ಕರೆಯುತ್ತಿದ್ದರು. "ಬಾ, ಇವತ್ತು ನಿಧಾನದ್ದು ನುಡಿಸೋಣ."

ಮಗಳು ಡಾಲಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಓದುತ್ತಿದ್ದಳು. ಕಂಪ್ಯೂಟರ್ ಓದಲು ಹೋದವಳು ಅದರ ಜೊತೆಗೆ ಬಾಸ್ ನುಡಿಸುವುದನ್ನೂ ಹಿಡಿದುಕೊಂಡಿದ್ದಳು. ಆಳೆತ್ತರದ ಪಿಟೀಲಿನಂಥ ವಾದ್ಯ, ನಿಂತುಕೊಂಡು ತಬ್ಬಿ ನುಡಿಸಬೇಕು. ಗೆಳತಿಯರ ಜೊತೆ ಹಂಚಿಕೊಂಡ ಅಪಾರ್ಟ್‌ಮೆಂಟಿನಲ್ಲಿ ಅವಳ ಹಾಸಿಗೆಗಿಂತ ಅದಕ್ಕೇ ಹೆಚ್ಚು ಜಾಗ. ಡಾಲಸ್ಸಿನಲ್ಲಿ ಒಬ್ಬ ಹಿರಿಯ ಪಿಯಾನೋ ವಾದಕರ ಜಾಝ್ ತಂಡಕ್ಕೆ ಸೇರಿದ್ದಳು. ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದ ಕಪ್ಪು ಜನಾಂಗದ ಮನುಷ್ಯ. ಭಾನುವಾರ ಚರ್ಚಿನಲ್ಲಿ, ಉಳಿದ ದಿನ ಎಲ್ಲೆಂದರಲ್ಲಿ ನುಡಿಸುತ್ತಿದ್ದರು.

ಆಗಸ್ಟಿನ ಒಂದು ಸಂಜೆ ಅವಳ ಫೋನ್ ಬಂತು. ಅವಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಮಾತಾಡುವುದು ಮಾತ್ರ ಇಂಗ್ಲಿಷ್. ನಡುವೆ ಬೇಕಾದಾಗ ಒಂದೆರಡು ನಮ್ಮ ಮಾತು ಉದುರಿಸುತ್ತಾಳೆ. ಆಸ್ಟಿನ್ನಿನಲ್ಲಿ ಅಕ್ಟೋಬರಿನಲ್ಲಿ ಸ್ಕಾಟಿಷ್, ಐರಿಷ್ ಸಂಗೀತದ ಉತ್ಸವವಿದೆ, ಹಳೆಯ ಸ್ಕಾಟಿಷ್ ಮಟ್ಟುಗಳನ್ನು ಜಾಝ್‌ನೊಂದಿಗೆ ಬೆರೆಸಿ ನುಡಿಸಲು ಅವರ ತಂಡಕ್ಕೆ ಅವಕಾಶ ಸಿಕ್ಕಿದೆ ಎಂದಳು. ಪೈಪ್ ನುಡಿಸಲು ಒಪ್ಪಿಕೊಂಡಿದ್ದವನು ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೋಗಿಬಿಟ್ಟಿದ್ದನಂತೆ.

"ಅಮ್ಮಾ, ವಿಲ್ ಯು ಡೂ ಇಟ್? ಪ್ಲೀಸ್."

"ಸುಸ್ತಾಗಿದೆ ಕಣೆ" ಎಂದೆ. ಕೈಯ ವಿಷಯ ಎತ್ತಲಿಲ್ಲ. ಹೊಸ ಸೆಮಿಸ್ಟರ್ ಶುರುವಾಗುವ ಹೊತ್ತು, ಅವಳಿಗೇಕೆ ಚಿಂತೆ ಎನ್ನುವುದು ಒಂದು. ಇನ್ನೊಂದು, ಅವಳು ನನ್ನನ್ನು ಏನಾದರೂ ಕೇಳಿ ಬಹಳ ಕಾಲವಾಗಿತ್ತು.

"ಓಕೆ" ಎಂದಳು. ಬೇಜಾರು ಕೂಡ ಮಾಡಿಕೊಳ್ಳದೆ, ಮೊದಲೇ ಗೊತ್ತಿತ್ತು ಎನ್ನುವಂಥ ಓಕೆ. ಆ ಒಂದು ಮಾತು ಕೇಳಿ ನನಗೆ ಇನ್ನಷ್ಟು ಸುಸ್ತಾಯಿತು. "ಸರಿ, ಬರ್ತೀನಿ" ಎಂದುಬಿಟ್ಟೆ.

ನಮ್ಮವರು ಪಾತ್ರೆ ತೊಳೆಯುತ್ತ ಕೇಳಿಸಿಕೊಳ್ಳುತ್ತಿದ್ದರು. "ನಿನಗೆ ಬೆಲ್ಟ್ ಹಾಕ್ಕೊಳಕ್ಕೇ ಆಗಲ್ಲ. ಬೇಡ ಅಂದ್ಬಿಡು, ಅವಳೇನೂ ತಪ್ಪು ತಿಳ್ಕೊಳಲ್ಲ."

"ಅದೇರೀ ಕಷ್ಟ, ಅವಳು ಏನೂ ತಿಳ್ಕೊಳಲ್ಲ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ನನಗೂ ಬಿಡಿಸಿ ಹೇಳುವಷ್ಟು ಶಕ್ತಿ ಇರಲಿಲ್ಲ.

ಹೀಗೆ ಶನಿವಾರಗಳು ಡಾಲಸ್ಸಿನ ದಾರಿಗೆ ಹೋದವು. ವಾರವೆಲ್ಲ ನಿಂತು ದುಡಿದ ಕಾಲಲ್ಲಿ ನಾಲ್ಕು ಗಂಟೆ ಡ್ರೈವ್ ಮಾಡಿ ಆ ಹಿರಿಯರ ಗ್ಯಾರೇಜು ಸೇರುವುದು. ಕಾರು ನಿಲ್ಲಬೇಕಾದ ಕಡೆ ಅವರ ಎಲೆಕ್ಟ್ರಿಕ್ ಪಿಯಾನೋ, ಡ್ರಮ್ಮುಗಳು, ಒಂದು ಹಳೆಯ ಫ್ಯಾನು. ಡ್ರಮ್ಸ್ ನುಡಿಸುವವನು ಮಗಳ ಕ್ಲಾಸಿನವನೇ. ಮಾತು ಕಡಿಮೆ, ನಗು ಜಾಸ್ತಿ.

ಮೊದಲ ದಿನ ನಾನು ಪೈಪ್ ಹಿಡಿದು ಒಂದು ನಡಿಗೆಯ ಮಟ್ಟು ಊದಿದಾಗ ಗ್ಯಾರೇಜಿನ ತಗಡಿನ ಬಾಗಿಲು ನಡುಗಿತು. ಡ್ರಮ್ಸಿನವನು ಕಿವಿ ಮುಚ್ಚಿಕೊಂಡ. ಹಿರಿಯರು ಪಿಯಾನೋದ ಒಂದು ಮನೆ ಒತ್ತಿದರು, ಪಕ್ಕದ್ದನ್ನು ಒತ್ತಿದರು, ತಲೆಯಾಡಿಸಿದರು. ಪೈಪಿನ ಆಧಾರ ಸ್ವರ ಪಿಯಾನೋದ ಎರಡು ಮನೆಗಳ ನಡುವೆ ಎಲ್ಲೋ ಕೂತಿರುತ್ತದೆ. ಅದೃಷ್ಟಕ್ಕೆ ಅವರದು ಎಲೆಕ್ಟ್ರಿಕ್ ಪಿಯಾನೋ. ಕನ್ನಡಕ ಹಣೆಗೇರಿಸಿ, ಗುಂಡಿ ಒತ್ತಿ ಒತ್ತಿ ಶ್ರುತಿಯನ್ನು ಕೂದಲೆಳೆಯಷ್ಟು ಮೇಲೇರಿಸಿ ನನ್ನ ಹತ್ತಿರ ತಂದರು. ಮಗಳು ಬಾಸಿನ ಕಿವಿ ಹಿಂಡಿದಳು. ನಾನು ಮಾತ್ರ ಏನೂ ಮಾಡಬೇಕಾಗಿರಲಿಲ್ಲ. ಎಲ್ಲರೂ ನನ್ನತ್ತ ಬರಬೇಕು, ನಾನು ಎಲ್ಲಿಗೂ ಹೋಗಲಾರೆ. ಅದು ನನಗೆ ಮುಜುಗರವೆನಿಸಿತು.

ಅದಕ್ಕಿಂತ ದೊಡ್ಡ ತೊಡಕು ಬೇರೆಯಿತ್ತು. ಪೈಪಿಗೆ ಸುಮ್ಮನಿರಲು ಬರುವುದಿಲ್ಲ. ಒಮ್ಮೆ ಶುರುವಾದರೆ ಚೀಲ ಬರಿದಾಗುವ ತನಕ ಒಂದೇ ಸಮ, ಒಂದೇ ಎತ್ತರ. ಮೆಲ್ಲಗೆ ಇಲ್ಲ, ಜೋರು ಇಲ್ಲ, ನಡುವೆ ಬಿಡುವಿಲ್ಲ. ಜಾಝ್‌ನವರೋ, ನುಡಿಸಿದ್ದಕ್ಕಿಂತ ಬಿಟ್ಟಿದ್ದರ ಲೆಕ್ಕ ಇಡುವವರು.

"ಮ್ಯಾಮ್, ನಮಗೂ ಒಂದಿಷ್ಟು ಜಾಗ ಬಿಡಬೇಕು" ಎಂದರು ಹಿರಿಯರು, ಬಹಳ ಮರ್ಯಾದೆಯಿಂದ.

"ಜಾಗ ಬಿಟ್ಟರೆ ಇದು ಸತ್ತುಹೋಗುತ್ತದೆ" ಎಂದೆ.

ಅವರು ಯೋಚಿಸಿದರು. ನಾನು ಮಟ್ಟನ್ನು ಒಂದು ಸುತ್ತು ನುಡಿಸಿ ನಿಲ್ಲಿಸುವುದು, ಅವರು ಅದನ್ನು ಬಿಚ್ಚಿ ಹರಡಿ ತಮಗೆ ಬೇಕಾದಲ್ಲಿಗೆ ಒಯ್ಯುವುದು, ಕೊನೆಗೆ ನಾನು ಮತ್ತೆ ಸೇರಿಕೊಳ್ಳುವುದು ಎಂದಾಯಿತು. ಕೇಳಲು ಸುಲಭ. ಆದರೆ ನಿಲ್ಲಿಸಿದ ಪೈಪನ್ನು ಮತ್ತೆ ಎಬ್ಬಿಸುವಾಗಲೇ ತೋಳಿಗೆ ಹೆಚ್ಚು ಕೆಲಸ. ಚೀಲವನ್ನು ಒಮ್ಮೆ ಬಲವಾಗಿ ಗುದ್ದಿ ಒತ್ತಬೇಕು. ಪ್ರತಿ ಸಲ ಗುದ್ದುವಾಗಲೂ ಹೆಗಲಿನಿಂದ ಮೊಣಕೈ ತನಕ ಬೆಂಕಿ ಹರಿದಂತಾಗುತ್ತಿತ್ತು. ಮುಖ ತಿರುಗಿಸಿಕೊಂಡು ಗುದ್ದುತ್ತಿದ್ದೆ.

ಅಭ್ಯಾಸ ಮುಗಿದ ಮೇಲೆ ಹಿರಿಯರ ಹೆಂಡತಿ ಮಾಡಿಟ್ಟ ಐಸ್ ಟೀ ಕುಡಿಯುತ್ತ ಒಂದು ದಿನ ಕೇಳಿದೆ, ಜಾಝ್ ನುಡಿಸುವ ನಿಮಗೆ ಸ್ಕಾಟ್ಲೆಂಡಿನ ಸಹವಾಸ ಏಕೆ ಬೇಕಾಯಿತು ಎಂದು.

"ನನ್ನ ಮನೆತನದ ಹೆಸರು ಸ್ಕಾಟಿಷ್, ಮ್ಯಾಮ್" ಎಂದರು. "ಪಕ್ಕಾ ಸ್ಕಾಟಿಷ್. ನಮ್ಮ ಮುತ್ತಜ್ಜನ ಅಪ್ಪ ಅಲ್ಲಿಂದ ಬಂದವರೇನಲ್ಲ. ಅಲ್ಲಿಂದ ಬಂದವರು ಅವರನ್ನು ಗುಲಾಮರಾಗಿ ಕೊಂಡುಕೊಂಡಿದ್ದರು. ದುಡಿದ ಹೊಲದ ಹಾಗೆ ನಮ್ಮ ಹೆಸರೂ ಆ ಒಡೆಯರದೇ ಆಯಿತು. ಇಷ್ಟು ತಲೆಮಾರು ಹೆಸರು ಹೊತ್ತಿದ್ದೇವೆ, ಅವರ ಹಾಡನ್ನೂ ಒಮ್ಮೆ ಬಿಚ್ಚಿ ನೋಡೋಣ ಅನ್ನಿಸಿತು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಹಳ ಸಲ ಹೇಳಿ ಮುಗಿಸಿದ ಮಾತಿನ ಆಯಾಸ ಮಾತ್ರ ಇತ್ತು. ನಾನು ಅಪ್ಪನ ಕಥೆ ಹೇಳಿದೆ. ಅಪ್ಪನಿಗೆ ಕಲಿಸಿದವರಿಗೆ ಕಲಿಸಿದವರಿಗೆ ಪೈಪ್ ಕೊಟ್ಟ ದೊರೆಗಳೂ ನಮ್ಮನ್ನು ಕೇಳಿ ಕೊಟ್ಟಿರಲಿಲ್ಲ ಎಂದೆ. ಅವರು ಗ್ಲಾಸನ್ನು ಕೆಳಗಿಟ್ಟು, "ಹಾಗಾದರೆ ಅಪ್ಪನದೇ ಒಂದು ಮಟ್ಟು ನುಡಿಸೋಣ" ಎಂದರು.

ನಿಧಾನದ್ದು ಅಂದು ಆ ಗ್ಯಾರೇಜಿನಲ್ಲಿ ಶುರುವಾಯಿತು. ನನ್ನ ಮೂರು ಕೊಳವೆಗಳು ಒಂದೇ ಸ್ವರ ಹಿಡಿದು ನಿಂತಿದ್ದವು. ಹಿರಿಯರು ಅದರ ಕೆಳಗೆ ಮೆಲ್ಲಗೆ ಬೇರೆ ಬೇರೆ ಸ್ವರಗುಚ್ಛಗಳನ್ನು ಇಡುತ್ತ ಹೋದರು. ನಾನು ಅಲ್ಲಾಡಲಿಲ್ಲ, ನಾನು ನಿಂತ ನೆಲ ಅಲ್ಲಾಡುತ್ತಿತ್ತು. ಎಷ್ಟೋ ವರ್ಷದಿಂದ ನುಡಿಸಿದ ಮಟ್ಟು ಬೇರೊಂದು ಮನೆಯ ಕಿಟಕಿಯಿಂದ ಕೇಳಿಬಂದಂತಿತ್ತು. ಮಗಳು ಕಣ್ಣು ಮುಚ್ಚಿ ಬಾಸಿನ ತಂತಿ ಮೀಟುತ್ತಿದ್ದಳು. ಅವಳ ತಾತ ಅವಳನ್ನು ಕಂಡದ್ದು ಎರಡೇ ಸಲ, ಅದೂ ಅವಳು ಚಿಕ್ಕವಳಿದ್ದಾಗ. ನುಡಿಸಿದ್ದು ಚೆನ್ನಾಗಿತ್ತು. ಮುಗಿದಾಗ ಕೈಯ ನೋವಿಗೆ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಅವರೆಲ್ಲ ಸಂಗೀತಕ್ಕೆ ಬಂದದ್ದೆಂದುಕೊಂಡರು. ನಾನೂ ಹಾಗೇ ಇರಲಿ ಎಂದು ಬಿಟ್ಟೆ.

ಅಕ್ಟೋಬರ್ ಎಂದರೆ ಚಳಿ ಶುರುವಾಗುವ ತಿಂಗಳೆಂದು ಟೆಕ್ಸಸ್ಸಿಗೆ ಯಾರೂ ಹೇಳಿಲ್ಲ. ಉತ್ಸವದ ದಿನ ಆಸ್ಟಿನ್ನಿನ ಹೊರಗೆ, ನದಿಯ ಪಕ್ಕದ ಪಾರ್ಕಿನಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಎಲ್ಲೆಲ್ಲೂ ಬಿಳಿ ಟೆಂಟುಗಳು, ಚೌಕುಳಿ ಲಂಗದಂಥ ಕಿಲ್ಟ್ ಉಟ್ಟು ಬೆವರುತ್ತಿದ್ದ ಗಂಡಸರು, ಮಾಂಸ ಸುಡುವ ಹೊಗೆ, ನಾಲಗೆ ಚಾಚಿಕೊಂಡ ನಾಯಿಗಳು. ಹಿಂದಿನ ದಿನ ಲ್ಯಾಬಿನಲ್ಲಿ ಒಬ್ಬಳು ಬಾರದೆ ಅವಳ ಕೆಲಸವನ್ನೂ ನಾನೇ ಮಾಡಿದ್ದೆ. ಬೆಳಗ್ಗೆ ಎದ್ದು ಆಸ್ಟಿನ್ನಿಗೆ ಕಾರು ಓಡಿಸುವಾಗ ಎರಡು ಸಲ ರಸ್ತೆ ಬದಿಗೆ ನಿಲ್ಲಿಸಿ ಮುಖ ತೊಳೆದುಕೊಂಡಿದ್ದೆ. ನಮ್ಮವರು ಬರುತ್ತೇನೆಂದಿದ್ದರು, ಆಫೀಸಿನಲ್ಲಿ ಏನೋ ಕೆಟ್ಟುನಿಂತು ಬರಲಾಗಲಿಲ್ಲ.

ವೇದಿಕೆಯ ಹಿಂದೆ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಒಬ್ಬ ಹೆಂಗಸು ನನ್ನನ್ನು ನೋಡಿ ಸಂಭ್ರಮಪಟ್ಟಳು. ಸೀರೆ ತಂದಿಲ್ಲವೇ, ಸೀರೆಯ ಮೇಲೆ ಚೌಕುಳಿ ಶಾಲು ಹೊದ್ದರೆ ಫೋಟೋಗೆ ಎಷ್ಟು ಚೆನ್ನಾಗಿರುತ್ತಿತ್ತು ಎಂದಳು. ಮಗಳು ಹುಬ್ಬು ಗಂಟಿಕ್ಕಿ ಏನೋ ಹೇಳಲು ಹೊರಟಳು. ನಾನು ಅವಳ ಕೈ ಹಿಡಿದು, "ಬಿಡೆ, ಸೆಖೆ" ಎಂದೆ. ಕಪ್ಪು ಪ್ಯಾಂಟು, ಕಪ್ಪು ಅಂಗಿ ಹಾಕಿಕೊಂಡಿದ್ದೆ. ಅದೇ ಸಾಕಾಗಿತ್ತು.

ನಮ್ಮ ಸರದಿ ಮುಂದೆ ಹೋಗುತ್ತಲೇ ಇತ್ತು. ಮೊದಲಿನ ತಂಡದವರು ವೇದಿಕೆ ಬಿಡಲಿಲ್ಲ, ಆಮೇಲೆ ಮೈಕು ಕೈಕೊಟ್ಟಿತು. ಟೆಂಟಿನ ನೆರಳಲ್ಲಿ ಮಡಚುವ ಕುರ್ಚಿಯ ಮೇಲೆ ಕೂತು ಪೈಪನ್ನು ಮಗುವಿನಂತೆ ಮಡಿಲಲ್ಲಿ ಇಟ್ಟುಕೊಂಡಿದ್ದೆ. ಹಿರಿಯರು ಪಕ್ಕದಲ್ಲಿ ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

"ಮನೆಗೆ ಹೋಗಿ ಮಲಗಬೇಕು ಅನ್ನಿಸುತ್ತಿದೆ" ಎಂದೆ.

"ನನಗೂ ಮ್ಯಾಮ್" ಎಂದರು. "ನನಗೆ ಈ ಐವತ್ತು ವರ್ಷವೂ ಪ್ರತಿ ಪ್ರೋಗ್ರಾಮಿಗೆ ಮುಂಚೆ ಹಾಗೇ ಅನ್ನಿಸಿದೆ."

ಕೊನೆಗೆ ಹತ್ತಿದೆವು. ಮೊದಲನೆಯದು ನಡಿಗೆಯ ಮಟ್ಟು. ಸೈನ್ಯದಲ್ಲಿ ಬೂಟುಕಾಲಿಗೆಂದು ಇದ್ದದ್ದನ್ನು ಡ್ರಮ್ಸಿನವನು ಹಿಂದೆ ಮುಂದೆ ತೂಗಿಸಿ ಕುಂಟುನಡಿಗೆ ಮಾಡಿದ್ದ. ಮುಂದೆ ಹುಲ್ಲಿನ ಮೇಲೆ ಕೂತಿದ್ದ ಜನ ಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ಕಾಲು ಕುಣಿಸತೊಡಗಿದರು. ಎರಡನೆಯದು ಕುಣಿತದ ಮಟ್ಟು. ಬಿಸಿಲಿಗೆ ಪೈಪಿನ ಶ್ರುತಿ ಏರುತ್ತಿತ್ತು, ನನಗೆ ಕೇಳಿಸುತ್ತಿತ್ತು. ಹಿರಿಯರು ಬಲಗೈಯಲ್ಲಿ ನುಡಿಸುತ್ತಲೇ ಎಡಗೈಯಲ್ಲಿ ಗುಂಡಿ ಒತ್ತಿ ನನ್ನ ಹಿಂದೆಯೇ ಏರಿಬಂದರು. ಮಗಳು ಬೆರಳನ್ನು ಒಂದಿಷ್ಟು ಸರಿಸಿ ಅಲ್ಲಿಗೆ ತಲುಪಿದಳು. ಇಬ್ಬರೂ ಹಾಗೆ ನನಗಾಗಿ ಜಾಗ ಬದಲಿಸುತ್ತಿರುವುದನ್ನು ನೋಡಿ, ನೋವಿನ ನಡುವೆಯೂ, ಸುಖವಾಯಿತು. ಚಪ್ಪಾಳೆ ಬಂತು. ಯಾರೋ ಶಿಳ್ಳೆ ಹಾಕಿದರು.

ಮೂರನೆಯದು ನಿಧಾನದ್ದು. ಮೊದಲ ಸುತ್ತು ಮುಗಿಸಿ ನಿಲ್ಲಿಸಿದೆ. ಹಿರಿಯರು ಅದನ್ನು ಎತ್ತಿಕೊಂಡು ಎಲ್ಲೆಲ್ಲೋ ಅಲೆದಾಡಿ, ನನ್ನತ್ತ ನೋಡಿ ತಲೆಯಾಡಿಸಿದರು. ನಾನು ಚೀಲವನ್ನು ಗುದ್ದಿ ಎಬ್ಬಿಸಿದೆ. ಎದ್ದಿತು. ಎರಡು ಸಾಲು ನುಡಿಸಿದೆ. ಮೂರನೆಯ ಸಾಲಿನ ನಡುವೆ ಎಡತೋಳು ನನ್ನದಲ್ಲ ಎನ್ನಿಸಿತು. ನೋವು ಕೂಡ ಇರಲಿಲ್ಲ, ತೋಳೇ ಇರಲಿಲ್ಲ. ಚೀಲ ಜೋತುಬಿತ್ತು. ಹೆಗಲ ಮೇಲಿನ ಮೂರು ಕೊಳವೆಗಳು ಒಂದೊಂದಾಗಿ ಕೆಳಗಿಳಿದು ನರಳಿದವು. ಬೆರಳುಗಳು ಇನ್ನೂ ಆಡುತ್ತಿದ್ದವು, ಸ್ವರ ಮಾತ್ರ ಇರಲಿಲ್ಲ. ಪೈಪ್ ನುಡಿಸುವವರಿಗೆ ಅದಕ್ಕಿಂತ ನಾಚಿಕೆಯ ಸದ್ದು ಇನ್ನೊಂದಿಲ್ಲ. ಊದುವ ಕೊಳವೆಯನ್ನು ಬಾಯಿಂದ ತೆಗೆದು ನಿಂತುಬಿಟ್ಟೆ.

ಕ್ಷಣ ಹೊತ್ತು ಪಕ್ಕದ ವೇದಿಕೆಯ ಗದ್ದಲ ಮಾತ್ರ ಕೇಳಿಸಿತು. ಆಮೇಲೆ ನನ್ನ ಎಡಗಡೆಯಿಂದ, ನನ್ನ ಕೊಳವೆಗಳು ಬಿಟ್ಟುಕೊಟ್ಟ ಅದೇ ಸ್ವರ ಎದ್ದಿತು. ಮಗಳು ಕಮಾನು ತೆಗೆದುಕೊಂಡು ಬಾಸಿನ ದಪ್ಪ ತಂತಿಯ ಮೇಲೆ ಉದ್ದಕ್ಕೆ ಎಳೆಯುತ್ತಿದ್ದಳು. ಅಭ್ಯಾಸದಲ್ಲಿ ಅದು ಇರಲಿಲ್ಲ. ಅವಳು ತಂತಿಯನ್ನಾಗಲಿ ಹಿರಿಯರನ್ನಾಗಲಿ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆ ಸ್ವರದ ಮೇಲೆ ಹಿರಿಯರು ನಾನು ಬಿಟ್ಟ ಮೂರನೆಯ ಸಾಲನ್ನು ಒಂದೇ ಬೆರಳಿನಲ್ಲಿ ನುಡಿಸಿದರು. ಅಪ್ಪ ನನ್ನ ಬೆರಳಿಗೆ ಕೂರಿಸಿದ್ದ ಗಮಕದಂಥ ಸಣ್ಣ ಸಣ್ಣ ಕೊಂಕುಗಳು ಪಿಯಾನೋದಲ್ಲಿ ಬರುವುದಿಲ್ಲ. ಅವುಗಳಿದ್ದ ಕಡೆ ಅವರು ತಮ್ಮ ಚರ್ಚಿನ ಹಾಡಿನಲ್ಲಿ ಮಾಡುವ ಹಾಗೆ ಸ್ವರವನ್ನು ಒಂದಿಷ್ಟು ತಡೆದು, ಜಾರಿಸಿ ಇಟ್ಟರು. ಕೊನೆಯ ಸಾಲೂ ಹಾಗೆಯೇ ಮುಗಿಯಿತು. ನಾನು ಬರಿದಾದ ಚೀಲವನ್ನು ಕಂಕುಳಲ್ಲಿ ಹಿಡಿದುಕೊಂಡು ಕೇಳುತ್ತ ನಿಂತಿದ್ದೆ. ಅಪ್ಪನ ಮಟ್ಟನ್ನು ನಾನು ನುಡಿಸದೆ, ಬರೀ ಕೇಳಿದ್ದು, ಹಲಸೂರಿನ ಹಿತ್ತಲು ಬಿಟ್ಟ ಮೇಲೆ ಅದೇ ಮೊದಲು. ಅಳು ಬರಲಿಲ್ಲ. ಕೂರಬೇಕು ಅನ್ನಿಸಿತು. ಪಕ್ಕದಲ್ಲಿದ್ದ ಸ್ಪೀಕರಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟೆ.

ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ಇಳಿದು ಬಂದ ಮೇಲೆ ಗಡ್ಡದವನೊಬ್ಬ ಹತ್ತಿರ ಬಂದು, ಪೈಪ್ ಸಾಯುತ್ತಾ ಹೋಗಿ ಬಾಸ್ ಅದನ್ನು ಎತ್ತಿಕೊಳ್ಳುವ ಜಾಗ ಅದ್ಭುತವಾಗಿತ್ತು, ಅಷ್ಟು ಸರಿಯಾಗಿ ಬರಲು ಎಷ್ಟು ದಿನ ಅಭ್ಯಾಸ ಮಾಡಿದಿರಿ ಎಂದು ಕೇಳಿದ. "ಬಹಳ ದಿನ" ಎಂದೆ. ಡ್ರಮ್ಸಿನವನು ಮುಖ ತಿರುಗಿಸಿ ನಕ್ಕ.

ಮಗಳು ನಗಲಿಲ್ಲ. ಟೆಂಟಿನ ಒಳಗೆ ನನ್ನ ಎದುರು ಮಂಡಿಯೂರಿ ಕೂತು, ನನ್ನ ಎಡಗೈಯನ್ನು ಮೆಲ್ಲಗೆ ಎತ್ತಲು ನೋಡಿದಳು. ಹೆಗಲಿನ ಹತ್ತಿರ ಬರುವ ಮೊದಲೇ ನಾನು ಕಿರುಚಿದೆ.

"ಹೌ ಲಾಂಗ್, ಅಮ್ಮಾ?"

"ಬೇಸಿಗೆಯಿಂದ."

"ಅಪ್ಪಂಗೆ ಗೊತ್ತಾ?"

"ಗೊತ್ತು."

"ಸೋ ಎವ್ರಿಬಡಿ ನೋಸ್. ನಂಗೆ ಮಾತ್ರ ಇಲ್ಲ." ನನ್ನ ಕೈಯನ್ನು ಮೆಲ್ಲಗೆ ನನ್ನ ಮಡಿಲಲ್ಲಿ ಇಟ್ಟಳು. "ಯಾಕೆ ಹೇಳ್ಲಿಲ್ಲ? ಐ ವುಡ್ ಹ್ಯಾವ್ ಫೌಂಡ್ ಸಮ್‌ಬಡಿ ಎಲ್ಸ್!"

"ಅದಕ್ಕೇ ಹೇಳ್ಲಿಲ್ಲ ಕಣೆ" ಎಂದೆ.

ಅವಳು ಎದ್ದು ಹೊರಗೆ ಹೋದಳು. ಹಿರಿಯರು ಒಂದು ಕಾಗದದ ತಟ್ಟೆಯಲ್ಲಿ ಆಲೂಗಡ್ಡೆ ಹುರಿದದ್ದು, ಒಂದು ಬಾಟಲಿ ನೀರು ತಂದು ನನ್ನ ಪಕ್ಕದಲ್ಲಿಟ್ಟರು. "ತಿನ್ನಿ ಮ್ಯಾಮ್" ಎಂದಷ್ಟೇ ಹೇಳಿ, ತಮ್ಮ ವೈರುಗಳನ್ನು ಸುತ್ತತೊಡಗಿದರು. ಪೈಪಿನ ಮಾತನ್ನೇ ಎತ್ತಲಿಲ್ಲ. ಅವರಿಗೆ ನಾನು ಋಣಿ.

ಮಗಳು ತಿರುಗಿ ಬಂದಾಗ ಕಣ್ಣು ಕೆಂಪಾಗಿತ್ತು. ಬಾಸನ್ನು ಹಿರಿಯರ ವ್ಯಾನಿನಲ್ಲಿ ಡಾಲಸ್ಸಿಗೆ ಕಳಿಸಿ, ನನ್ನ ಕಾರಿನ ಕೀಲಿ ಕೈ ಚಾಚಿ ಕೇಳಿದಳು. "ನಿಂಗೆ ಸೋಮವಾರ ಕ್ಲಾಸಿಲ್ವಾ?" ಎಂದೆ. ಅವಳು ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ತಾನೇ ಬೆಲ್ಟ್ ಎಳೆದು ಹಾಕಿದಳು.

ಪೇರ್ಲ್ಯಾಂಡಿನ ದಾರಿ ಉದ್ದಕ್ಕೂ ಹೊಲ, ಮತ್ತೆ ಹೊಲ. ಸಂಜೆಯ ಬಿಸಿಲು ಹಿಂದಿನ ಗಾಜಿನಿಂದ ಬಂದು ಕತ್ತಿನ ಮೇಲೆ ಬೀಳುತ್ತಿತ್ತು. ಮಗಳು, ತಾತ ಯಾವಾಗ ನುಡಿಸುವುದನ್ನು ನಿಲ್ಲಿಸಿದರು ಎಂದು ಕೇಳಿದಳು.

ರಿಟೈರ್ ಆದ ದಿನವೇ ಎಂದೆ. ಅಪ್ಪ ಮನೆಗೆ ಬಂದು ಪೈಪನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, "ಸಾಕು ಕಣಮ್ಮ" ಎಂದರು. ಆಮೇಲೆ ಒಮ್ಮೆಯೂ ಊದಲಿಲ್ಲ. ಟಿವಿಯಲ್ಲಿ ಪರೇಡ್ ಬಂದರೂ ಎದ್ದು ಹೋಗಿ ಗಿಡಗಳಿಗೆ ನೀರು ಹಾಕುತ್ತಿದ್ದರು. ನನಗೆ ಆಗ ಅದು ವಿಚಿತ್ರ ಎನ್ನಿಸುತ್ತಿತ್ತು.

"ಡಿಡ್ ಹಿ ಹೇಟ್ ಇಟ್?"

"ಇಲ್ಲಪ್ಪ. ದಣಿದಿದ್ರು ಅಷ್ಟೆ."

ಅವಳು ಸ್ವಲ್ಪ ಹೊತ್ತಿನ ಮೇಲೆ, ನನ್ನ ಕಡೆ ನೋಡದೆ, ನನ್ನನ್ನು ಕರೆದದ್ದು ಬೇರೆ ಪೈಪಿನವರು ಸಿಗದೆ ಅಲ್ಲ ಎಂದಳು. ಡಾಲಸ್ಸಿನಲ್ಲಿ ಇನ್ನೂ ಇಬ್ಬರಿದ್ದರಂತೆ. ನನ್ನ ಜೊತೆ ಒಮ್ಮೆ ನುಡಿಸಬೇಕೆಂದು ಆಸೆಯಾಗಿತ್ತಂತೆ. ನಾನು ಏನಾದರೂ ಹೇಳಬೇಕಿತ್ತು. ಹೇಳಿದೆನೋ ಇಲ್ಲವೋ ನೆನಪಿಲ್ಲ. ದಾರಿಯ ಒಂದು ದೊಡ್ಡ ಪೆಟ್ರೋಲ್ ಬಂಕಿನಲ್ಲಿ ಕಾಫಿಗೆ ನಿಲ್ಲಿಸಿ ಅವಳು ತೋಳು ತಟ್ಟಿದಾಗಲೇ ನಾನು ನಿದ್ದೆ ಹೋಗಿದ್ದು ಗೊತ್ತಾಗಿದ್ದು. ತಟ್ಟಿದ್ದು ಬಲತೋಳು.

ಶುಗರ್ ಲ್ಯಾಂಡಿನ ಗೆಳತಿ ನನ್ನನ್ನು ನೋಡಿದ ಕೂಡಲೇ, "ಮುಟ್ಟಬ್ಯಾಡ್ರಿ ಅಂದಿದ್ದಿಲ್ಲೇನ್ರಿ?" ಎಂದು ಬೈದಳು. ಬೈದು, ವಾರಕ್ಕೆರಡು ಸಲ ಬರಲು ಹೇಳಿದಳು. ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ, ಬಿಸಿ ಕಾವು, ಮತ್ತೆ ಗೋಡೆ. ಕೈ ಕಿವಿಯ ತನಕ ಬರಲು ಮುಂದಿನ ಬೇಸಿಗೆ ಬೇಕಾಯಿತು. ಪೂರ್ತಿ ಇನ್ನೂ ಬಂದಿಲ್ಲ. ಹೂಸ್ಟನ್ನಿನ ಬ್ಯಾಂಡಿಗೆ ಬರುವುದಿಲ್ಲ ಎಂದು ಹೇಳಿಬಿಟ್ಟೆ. ಮುದುಕರು ನಾನು ಯಾವಾಗ ಬೇಕಾದರೂ ಬರಬಹುದು ಎಂದರು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮಗಳ ತಂಡ ಮುರಿಯಲಿಲ್ಲ. ಡಾಲಸ್ಸಿನ ಒಬ್ಬ ಹುಡುಗಿ ಸಣ್ಣ ಪೈಪ್ ನುಡಿಸುತ್ತಾಳೆ. ಒಳಾಂಗಣದಲ್ಲಿ ನುಡಿಸುವಂಥದ್ದು, ಸದ್ದು ಕಡಿಮೆ, ಪಿಯಾನೋ ಶ್ರುತಿಗೇ ಹೊಂದುತ್ತದೆ. ಕಳೆದ ವಸಂತದಲ್ಲಿ ಅವರು ಹೂಸ್ಟನ್ನಿಗೂ ಬಂದರು. ಮ್ಯೂಸಿಯಮ್ ಒಂದರ ಹಿಂದಿನ ಹುಲ್ಲುಹಾಸಿನಲ್ಲಿ ಮಧ್ಯಾಹ್ನದ ಕಾರ್ಯಕ್ರಮ. ನಾನು, ನಮ್ಮವರು ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತೆವು. ಲ್ಯಾಬಿನಿಂದ ನೇರವಾಗಿ ಬಂದಿದ್ದೆ, ಕಾಲು ಊದಿತ್ತು, ಶೂ ಬಿಚ್ಚಿ ಪಾದಗಳನ್ನು ಹುಲ್ಲಿನ ಮೇಲೆ ಇಟ್ಟುಕೊಂಡೆ. ನಿಧಾನದ್ದು ಬಂದಾಗ ಅದು ಎಷ್ಟೋ ಬದಲಾಗಿತ್ತು. ನಡುವೆ ಒಂದು ಕಡೆ ಪೈಪ್ ನಿಂತುಹೋಗಿ ಬಾಸ್ ಕಮಾನಿನಲ್ಲಿ ಸ್ವರ ಹಿಡಿಯುತ್ತದೆ. ಅದನ್ನು ಅವರು ಹಾಗೆಯೇ ಇಟ್ಟುಕೊಂಡಿದ್ದರು. ಆ ಹುಡುಗಿ ಅಲ್ಲಿ ಸಲೀಸಾಗಿ, ತಾನಾಗಿ ನಿಲ್ಲಿಸಿದಳು. ನಾನು ಅವಳ ತೋಳನ್ನೇ ನೋಡುತ್ತಿದ್ದೆ.

ಮುಗಿದ ಮೇಲೆ ಮಗಳು ಬಾಸನ್ನು ಚೀಲಕ್ಕೆ ಹಾಕಿ ಕಾರಿನ ಹತ್ತಿರ ತಂದಳು. ಅದು ಒಳಗೆ ಹೋಗಬೇಕಾದರೆ ಸೀಟುಗಳನ್ನೆಲ್ಲ ಮಡಚಬೇಕು. ನಮ್ಮವರು ಒಳಗೆ ತೂರಿ ಎಳೆದರು, ಅವಳು ಹೊರಗಿನಿಂದ ತಳ್ಳಿದಳು. "ಅಮ್ಮಾ, ಕುತ್ತಿಗೆ ಹಿಡ್ಕೋ" ಎಂದಳು. ನಾನು ಹಿಡಿದುಕೊಂಡೆ. ಮೂವರೂ ಬೆವರು ಒರೆಸಿಕೊಂಡು, ಊಟಕ್ಕೆ ಎಲ್ಲಿಗೆ ಹೋಗುವುದೆಂದು ಅಲ್ಲೇ ನಿಂತು ಮಾತಾಡಿಕೊಂಡೆವು. ನನಗೆ ಎಲ್ಲಾದರೂ ಸರಿ ಎಂದೆ, ಕೂರಲು ಜಾಗವಿದ್ದರೆ ಸಾಕು.